ಮೂಡಣ ಬೀದಿ, ೧೯೧೨

ನಾಲ್ಕನೇ ಕೋಣೆಯಲ್ಲಿ ನನ್ನ ಕುರ್ಚಿ.
ಎಡಕ್ಕೆ ಕಿಟಕಿ, ಕಿಟಕಿಯಾಚೆ ವೂಚ್ ನಗರದ
ಹೊಗೆ ಮರೆತ ಒಂದು ಇಟ್ಟಿಗೆ ಚಿಮಣಿ;
ಬಲಕ್ಕೆ, ನನ್ನ ಭುಜದೆತ್ತರದಲ್ಲಿ, ಈ ಬೀದಿ.

ಬಂದವರು ಇಲ್ಲಿ ನಿಲ್ಲುವುದಿಲ್ಲ.
ಐದನೇ ಕೋಣೆ ಎಲ್ಲಿ ಅನ್ನುತ್ತಾರೆ.
ಫಾಯ್ಗಾ ಜೆಲ್ವೆರಳ ಹೆಸರಾಂತ ಚೌಕಗಳಿರುವುದು ಅಲ್ಲಿ,
ಬಿಳಿಯ ಮೇಲೆ ಬೂದಿ, ಬೂದಿಯ ಮೇಲೆ ಬಿಳಿ,
ಗೋಡೆಗೆ ಒಂದೇ ಒಂದು, ಉಸಿರು ಬಿಗಿಹಿಡಿದು ನೋಡುವಂಥವು.
ಇದು ಅವಳ ಇಪ್ಪತ್ತರ ಕೆಲಸ.
'ಆರಂಭದ ಕೃತಿ' ಎಂದು ಚೀಟಿ ಅಂಟಿಸಿದ್ದಾರೆ,
ನೆಂಟರೆದುರು ಮಗುವಿನ ತೊದಲಿಗೆ
ಕ್ಷಮೆ ಕೇಳಿದ ಹಾಗೆ.

ಇಪ್ಪತ್ತೆರಡು ವರ್ಷ ಕೂತು ನೋಡಿದ್ದೇನೆ.
ಕಂದು, ಕಂದು, ಮತ್ತೆ ಕಂದು.
ಕೈಗೆಟುಕುವ ಬಣ್ಣ ಅದೊಂದೇ ಇತ್ತೇನೋ.
ಕಂದು ಗೋಡೆ, ಕಂದು ಕುದುರೆ, ಕುದುರೆಯ ಹಿಂದೆ ಕಲ್ಲಿದ್ದಲ ಗಾಡಿ;
ಹೆರಿಂಗ್ ಮೀನಿನ ಪೀಪಾಯಿಯಲ್ಲಿ
ಮೊಣಕೈವರೆಗೆ ತೋಳಿಳಿಸಿದ ಮುದುಕಿ.
ಬಣ್ಣ ಇರುವುದು ಒಂದೇ ಕಡೆ: ಮೋರಿಯಲ್ಲಿ.
ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಆವತ್ತು ತೊಳೆದು ಬಿಟ್ಟದ್ದು,
ಕಡುಗೆಂಪು.
ನೂಲಿನ ಗಿರಣಿಗೆ ಹನ್ನೆರಡಕ್ಕೇ ಸೇರಿದ
ನನ್ನಜ್ಜಿ ಪೆಲಾಗ್ಯಾ ಹೇಳುತ್ತಿದ್ದಳು:
ಒಂದು ದಿನ ನೀಲಿ, ಒಂದು ದಿನ ಹಸಿರು;
ಬಿಳಿ ಬಾತುಗಳ ಹೊಟ್ಟೆ ನೋಡಿ
ನಾವು ವಾರ ಹೇಳುತ್ತಿದ್ದೆವು.

ನಡುವೆ ಗಾಜಿನವನು.
ಬೆನ್ನಿಗೆ ಮರದ ಚೌಕಟ್ಟು, ಅದರಲ್ಲಿ ಹಾಳೆ ಹಾಳೆ ಗಾಜು.
ಅಂಗಳದಿಂದ ಅಂಗಳಕ್ಕೆ ಕೂಗುತ್ತ ಹೋಗುವವನು.
ಬಾಯಿ ತೆರೆದಿದೆ, ಮುಖ ಮೂರನೇ ಮಹಡಿಗೆ.
ಅವನ ಬೆನ್ನ ಗಾಜಿಗೆ ಅವಳು ಬಣ್ಣವನ್ನೇ ಹಚ್ಚಿಲ್ಲ.
ಬರೀ ಕ್ಯಾನ್ವಾಸು. ಬೇಕಿದ್ದರೆ ಎಳೆ ಎಣಿಸಬಹುದು.
ವಾರ್ಸಾದಿಂದ ಬಂದ ತಜ್ಞರು ಬಗ್ಗಿ ನೋಡಿ
'ಅಪೂರ್ಣ' ಎಂದು ಬರೆದುಕೊಂಡರು.
ಆಗಲಿ. ಅವರ ಪೆನ್ನು ಅವರದು.

ಮೊನ್ನೆ ಶಾಲೆಯ ಹಿಂಡು ಬಂತು,
ಹಿಂಡಿನ ಬಾಲದಲ್ಲಿ ಮೂಗು ಸೋರುವ ಒಬ್ಬ ಹುಡುಗ. ನಿಂತ.
'ಆ ನಾಯಿಗೆ ಐದು ಕಾಲು.'
ಎಣಿಸಿದೆ. ಇಷ್ಟು ವರ್ಷದಲ್ಲಿ ನಾಯಿಯನ್ನು ಎಣಿಸಿರಲಿಲ್ಲ ನಾನು.
ಐದು.
ಕಾಲನ್ನು ಮೊದಲು ಹಿಂದಿಟ್ಟು, ಆಮೇಲೆ ಮುಂದಕ್ಕೆ ತಂದು
ಹಳೆಯದರ ಮೇಲೆ ಕಂದು ಬಳಿದಿದ್ದಾಳೆ.
ನೂರು ವರ್ಷದಲ್ಲಿ ಆ ಕಂದು ಸವೆದು ತೆಳುವಾಗಿ
ಮುಚ್ಚಿಟ್ಟ ಕಾಲು ಮೆಲ್ಲಗೆ ಮೇಲೆ ಬಂದಿದೆ.

ಇನ್ನೇನೇನು ಬರಲಿಕ್ಕಿದೆಯೋ ಎಂದು ಅಂದಿನಿಂದ ಕಾಯುತ್ತಿದ್ದೇನೆ.
ಮೂರನೇ ಮಹಡಿಯ ಕಿಟಕಿಯಲ್ಲೊಂದು ಮಸುಕು, ಕೈ ಇರಬಹುದು.
ಬಾ ಅನ್ನುತ್ತಿದೆಯೋ, ಬೇಡ ಹೋಗು ಅನ್ನುತ್ತಿದೆಯೋ.
ಇಪ್ಪತ್ತೆಂಟು ವರ್ಷದ ಮೇಲೆ, ಒಂದು ಚಳಿಗಾಲ,
ಈ ಬೀದಿಯ ಯೆಹೂದಿ ಮನೆಗಳನ್ನೆಲ್ಲ ಖಾಲಿ ಮಾಡಿಸಿದರು.
ಗಾಜಿನವನಿಗೆ ಅದು ಗೊತ್ತಿಲ್ಲ. ಕೂಗುತ್ತಿದ್ದಾನೆ.
ಮುದುಕಿಗೂ ಗೊತ್ತಿಲ್ಲ; ಅವಳಿಗೆ ಕೈಗೆ ಸಿಕ್ಕ ಮೀನು ಜಾರದಿದ್ದರೆ ಸಾಕು.
ನನಗೆ ಗೊತ್ತು. ಮತ್ತು ನನ್ನ ಕೆಲಸ
ಚಿತ್ರವನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು.

ಸಂಜೆ ದೀಪಗಳನ್ನು ಒಂದೊಂದಾಗಿ ಆರಿಸುತ್ತೇನೆ.
ಮೊದಲು ಕುದುರೆ ಹೋಗುತ್ತದೆ, ಆಮೇಲೆ ಪೀಪಾಯಿ, ಮುದುಕಿ,
ನಾಯಿ, ಒಂದೊಂದೇ ಕಾಲಾಗಿ.
ಮೋರಿಯ ಕೆಂಪು ಕಪ್ಪಿಗೆ ತಿರುಗುತ್ತದೆ.
ಕೊನೆಗೆ ಉಳಿಯುವುದು ಬೆನ್ನ ಮೇಲಿನ ಆ ಚೌಕ,
ಬಣ್ಣ ಕಾಣದ ಆ ಬಟ್ಟೆ;
ಹೊರಗಿನ ಬೀದಿದೀಪ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತದೆ.
ಐದನೇ ಕೋಣೆಗೆ ಬೀಗ ಹಾಕಿ ಬರುವಷ್ಟರಲ್ಲಿ ಅದೂ ಇಲ್ಲ.

ಕೋಟಿನ ಗುಂಡಿ ಹಾಕಿಕೊಳ್ಳುತ್ತೇನೆ.
ಹೊರಗೆ ಮಳೆ ನಿಂತಿದೆ. ಮೋರಿಯ ನೀರು
ನೀರಿನ ಬಣ್ಣದ್ದೇ.
ಆದರೂ ಬಗ್ಗಿ ನೋಡಿ ದಾಟುತ್ತೇನೆ.